ಮಾರಪ್ಪನ ಉಂಗುರ

ಟ್ರಂಕನ್ನು ಅಂಗಳಕ್ಕೆ ಎಳೆದು ತಂದು ವರದಮ್ಮ ಚಾಪೆಯ ಮೇಲೆ ಕವುಚಿಯೇಬಿಟ್ಟಳು. ಎರಡು ಪಂಚೆ, ಮಡಿಕೆ ಬಿಚ್ಚದ ಒಂದು ಷರ್ಟು, ಪಂಚಾಯಿತಿಯವರು ನಿವೃತ್ತಿಯ ದಿನ ಹೊದಿಸಿದ್ದ ಶಾಲು, ರೇಷನ್ ಕಾರ್ಡು, ನಾಲ್ಕು ನುಸಿಗುಳಿಗೆ ಬಿದ್ದವು. ಉಂಗುರ ಬೀಳಲಿಲ್ಲ. ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪೇಪರನ್ನೂ ಕಿತ್ತು ಕೊಡವಿದಳು. ಧೂಳು ಬಿತ್ತು.

"ಎಲ್ಲಿ ಇಟ್ಟಿದೀಯೆ ದುರ್ಗಿ?" ಎಂದು ತಮ್ಮನ ಹೆಂಡತಿಯ ಕಡೆ ತಿರುಗಿದಳು.

ಜಗಲಿಯ ಮೇಲೆ ಗಂಡನ ತಲೆಯ ಹತ್ತಿರ ಕೂತಿದ್ದ ದುರ್ಗಮ್ಮ, "ಇಲ್ಲೇ ಎಲ್ಲೋ ಇರ್ಬೇಕು ಅತ್ತಿಗೆ" ಎಂದಳು.

ಮಾರಪ್ಪ ಹೊಸ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಯಾವ ಗಲಾಟೆಯೂ ತನ್ನದಲ್ಲ ಎಂಬಂತೆ ಮಲಗಿದ್ದ. ಎಪ್ಪತ್ತೊಂದು ವರ್ಷ. ನಿನ್ನೆ ಸಂಜೆ ಚಹಾ ಕುಡಿದು, ಲೋಟ ತೊಳೆದಿಟ್ಟು, "ಸ್ವಲ್ಪ ಒರಗ್ತೀನಿ" ಎಂದವನು ಏಳಲಿಲ್ಲ. ಇಂಥ ಸಾವು ನಮಗೂ ಬರಲಿ ಎಂದು ಬಂದವರೆಲ್ಲ ಅಸೂಯೆಪಟ್ಟುಕೊಂಡೇ ಕೈಮುಗಿದಿದ್ದರು.

ಮಗಳು ಬಿಂದು ತನ್ನ ಕಿವಿಯೋಲೆ ಬಿಚ್ಚಿದಳು. "ಅತ್ತೆ, ಇದ್ರಲ್ಲೇ ಮಾಡಿ. ಹನ್ನೊಂದು ಗಂಟೆ ಆಗ್ತಾ ಬಂತು."

"ನಿನ್ನ ಓಲೆ ಊರಿಗೆ ನೀರು ತಂದಿತ್ತಾ?" ವರದಮ್ಮ ಸಿಡುಕಿದಳು. "ಹೆಣ ಎತ್ತೋಕೆ ಮುಂಚೆ ಬಾಯಿಗೆ ಬಂಗಾರ ತೇಯ್ದ ನೀರು ಬಿಡ್ಬೇಕು. ಬೇರೆಯೋರಿಗಾದ್ರೆ ಯಾರ ಮೂಗುತಿಯಾದ್ರೂ ನಡೀತದೆ. ಇವ್ನಿಗೆ ನಡೀತದಾ? ಇಡೀ ಊರು ಇವ್ನ ಉಂಗುರದ ನೀರು ಕುಡೀತಾ ಇದೆ! ನಾನೇ ಕಣ್ಣಾರೆ ಕಂಡಿದೀನಿ ಆ ಉಂಗುರಾನ. ನಡುವೆ ಒಂದು ಹೂವು."

ಹೌದೌದು, ಹೂವೇ, ಎಂದು ಇನ್ನಿಬ್ಬರು ಹೆಂಗಸರು ತಲೆಯಾಡಿಸಿದರು. ದುರ್ಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಾಪ, ದುಃಖ ಉಕ್ಕಿ ಬಂತು ಎಂದು ಅವರು ತಿಳಿದರು. ನಗು ಬಂದಿತ್ತು; ಅದರ ಹಿಂದೆಯೇ ಹೆದರಿಕೆಯೂ ಬಂತು. ಮಾರಪ್ಪನಿಗೆ ಉಂಗುರವೇ ಇರಲಿಲ್ಲ. ಇಲ್ಲದ್ದನ್ನು ಹುಡುಕುತ್ತಿದ್ದಾರೆಂದು ಆ ಅಂಗಳದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ನಲವತ್ತು ವರ್ಷ ಗಂಡ ನಗುನಗುತ್ತ ಕಾಪಾಡಿಕೊಂಡು ಬಂದ ಮಾತು ಅವನು ಮಣ್ಣಿಗೆ ಹೋಗುವ ದಿನವೇ ಬಯಲಾಗುತ್ತದಲ್ಲ ಎಂದುಕೊಂಡಳು.

*

ಅದೇ ಹೊತ್ತಿಗೆ ಕೃಷ್ಣಯ್ಯ ಬಿದನೂರು ನಗರದ ಬಸ್ಸಿನಿಂದ ಕಲ್ಲುಹಕ್ಕಲಿನ ತಿರುವಿನಲ್ಲಿ ಇಳಿದ. ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು ಹೊಸನಗರದಲ್ಲಿ ಬಸ್ಸು ಬದಲಿಸಿದ್ದ. ಭೂವಿಜ್ಞಾನಿಯಾಗಿ ಮೂವತ್ತು ವರ್ಷ ಗುಡ್ಡ ಹತ್ತಿ ಇಳಿದ ಮಂಡಿಗಳು ಈಗ ಬಸ್ಸಿನ ಮೆಟ್ಟಿಲಿಗೂ ತಕರಾರು ಮಾಡುತ್ತಿದ್ದವು. ಹೇಳಬೇಕಾದ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ: ಆ ದಿನ ಉಂಗುರ ಹಾಕಿದ್ದವನು ನಾನು, ಮಾರಪ್ಪ ಅಲ್ಲ. ಹೆಂಡತಿ ಸುಬ್ಬಲಕ್ಷ್ಮಮ್ಮನಿಗೂ ಇದನ್ನು ಹೇಳಿದ್ದು ಈ ಬೆಳಿಗ್ಗೆಯೇ. ಅವಳು, "ಹೋಗಿ ಹೇಳಿ ಬನ್ನಿ, ಎಲ್ಲರ ಎದುರಿಗೆ" ಎಂದಿದ್ದಳು.

ತಿರುವಿನಲ್ಲಿ ಸಿಮೆಂಟಿನ ತೊಟ್ಟಿಯೊಂದಿತ್ತು. ಕಬ್ಬಿಣದ ಪೈಪಿನಿಂದ ಹೆಬ್ಬೆರಳು ದಪ್ಪದ ನೀರು, ಪಂಪಿಲ್ಲದೆ ತಾನಾಗಿ ಬೀಳುತ್ತಿತ್ತು. ತೊಟ್ಟಿಯ ಮೇಲೆ ನೀಲಿ ಬಣ್ಣದಲ್ಲಿ 'ಉಂಗುರದ ನೀರು' ಎಂದು ಬರೆದಿತ್ತು. ಬಿಂದಿಗೆ ತುಂಬಿಸುತ್ತಿದ್ದ ಮುದುಕನೊಬ್ಬನನ್ನು ಕೃಷ್ಣಯ್ಯ ಕೇಳಿದ.

"ಇದೆಂತ ಹೆಸರು?"

"ನೀವು ಹೊಸಬ್ರಾ?" ಮುದುಕನಿಗೆ, ಸುಬ್ಬಪ್ಪ ಅವನ ಹೆಸರು, ಹೇಳಲು ಒಬ್ಬ ಸಿಕ್ಕಿದ್ದೇ ಖುಷಿ. "ಇಲ್ಲಿ ಹಿಂದೆ ಚಿನ್ನ ಹುಡುಕೋ ಕ್ಯಾಂಪಿತ್ತು. ನಮ್ಮ ಮಾರಪ್ಪ ಕಲ್ಲು ಪುಡಿ ಮಾಡೋನು. ಅವ್ನ ಕೈಯುಂಗುರ ಸವೆದು ಬಂಗಾರದ ಪುಡಿ ಸ್ಯಾಂಪಲ್‌ಗೆ ಬಿತ್ತು. ಇಲಾಖೆಯೋರು ಕುಣಿದಾಡಿದ್ರು, ಚಿನ್ನ ಸಿಕ್ತು ಅಂತ! ಮೂರು ವರ್ಷ ಗುಡ್ಡ ಕೊರೆದ್ರು. ಚಿನ್ನ ಎಲ್ಲಿಂದ ಬರಬೇಕು? ಮೂರನೇ ಹೋಲಲ್ಲಿ ನೀರು ಬಂತು ನೋಡಿ. ಅದಕ್ಕೆ ಮೊದ್ಲು ಬೇಸಿಗೇಲಿ ನಮ್ಮ ಹೆಂಗಸ್ರು ಹೊಳೆಗೆ ಎರಡು ಮೈಲಿ ಹೋಗ್ತಿದ್ರು. ಒಂದು ಉಂಗುರ, ಇಡೀ ಊರಿಗೆ ನೀರು! ಅವ್ನು ಹೋದ ಮಾರಾಯ್ರೇ. ಈಗ ಬಾಯಿಗೆ ನೀರು ಬಿಡೋಕೆ ಆ ಉಂಗುರಾನೇ ಸಿಕ್ತಾ ಇಲ್ಲ. ವರದಕ್ಕ ಮನೆ ಕಿತ್ತು ಹಾಕ್ತಿದಾಳೆ. ಬನ್ನಿ, ನೀವೂ ಅಲ್ಲಿಗೇ ಅಲ್ವಾ?"

ಕೃಷ್ಣಯ್ಯ ಎಡಗೈಯನ್ನು ಜೇಬಿಗೆ ಹಾಕಿಕೊಂಡು ಅವನ ಹಿಂದೆ ನಡೆದ.

*

ನಲವತ್ತು ವರ್ಷಕ್ಕೂ ಹಿಂದಿನ ಮಾತು; ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಕಲ್ಲುಹಕ್ಕಲಿನ ಗುಡ್ಡದ ಬೆನ್ನಿನಲ್ಲಿ ಬೆಣಚುಕಲ್ಲಿನ ಬಿಳಿ ಪಟ್ಟೆಯೊಂದು ಅರ್ಧ ಮೈಲಿ ಹರಿದಿತ್ತು. ಅದರ ಬಿರುಕುಗಳಲ್ಲಿ ತಾಮ್ರದ ಚೆಂಬಿಗೆ ಹಿಡಿಯುವಂಥ ಹಸಿರು ಕಿಲುಬು. ಪಕ್ಕದಲ್ಲಿ ಯಾವ ಕಾಲದವರೋ ತೋಡಿ ಬಿಟ್ಟ ಗುಂಡಿಗಳು, ಅದಿರು ಕರಗಿಸಿ ಚೆಲ್ಲಿದ ಕಿಟ್ಟದ ರಾಶಿ. ಬಿದನೂರಿನ ಅರಸರ ಕಾಲದ್ದು ಎಂದು ಊರವರು ಹೇಳುತ್ತಿದ್ದರು. ಇನ್ನೂ ಹಳೆಯದಿರಬೇಕೆಂದು ಕೃಷ್ಣಯ್ಯನಿಗೆ ಅನ್ನಿಸುತ್ತಿತ್ತು. ತಾಮ್ರವಿರುವಲ್ಲಿ ಚಿನ್ನವೂ ಇದ್ದೀತು ಎಂಬ ಆಸೆಯಿಂದ ಇಲಾಖೆ ಅವನನ್ನು ಇಲ್ಲಿಗೆ ಕಳಿಸಿತ್ತು.

ಗುಡ್ಡದಿಂದ ಒಡೆದು ತಂದ ಕಲ್ಲನ್ನು ಕಬ್ಬಿಣದ ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿದು ಪುಡಿ ಮಾಡುವುದು ಮಾರಪ್ಪನ ಕೆಲಸ. ಪುಡಿಯನ್ನು ರಾಶಿ ಹಾಕಿ, ಮೇಲಿನಿಂದ ಒತ್ತಿ ಚಪ್ಪಟೆ ಮಾಡಿ, ಹಲಗೆಯಿಂದ ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ಉಳಿಸಿ ಉಳಿದೆರಡನ್ನು ತೆಗೆದಿಡಬೇಕು. ಮತ್ತೆ ರಾಶಿ, ಮತ್ತೆ ನಾಲ್ಕು ಪಾಲು. ಕೊನೆಗೆ ಉಳಿಯುವ ಒಂದು ಹಿಡಿ ಲ್ಯಾಬಿಗೆ ಹೋಗುತ್ತಿತ್ತು. ಮಾರಪ್ಪನ ಕೈಯಲ್ಲಿ ಪಾಲು ಎಷ್ಟು ಸಮವಾಗಿ ಬರುತ್ತಿತ್ತೆಂದರೆ, ಹೊಳೆಯ ಮೀನಾಗಲಿ ದೇವಸ್ಥಾನದ ಪಂಚಕಜ್ಜಾಯವಾಗಲಿ, ಹಂಚುವುದಕ್ಕೆ ಊರವರು ಅವನನ್ನೇ ಕರೆಯತೊಡಗಿದರು. ಅವನು ಮಾಡಿದ ಪಾಲಿಗೆ ಯಾರೂ ಎರಡನೆಯ ಮಾತಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಾರಪ್ಪ ಒರಳಿನ ಮುಂದೆ ನಿಂತು ಒನಕೆ ಎತ್ತದೆ ಒದ್ದಾಡುತ್ತಿದ್ದ. ದುರ್ಗಮ್ಮನಿಗೆ ನೋವು ಶುರುವಾಗಿತ್ತು, ಮೊದಲನೆಯ ಹೆರಿಗೆ.

"ನಡಿ ಮನೆಗೆ" ಎಂದ ಕೃಷ್ಣಯ್ಯ. "ಈ ಒಂದು ಸ್ಯಾಂಪಲ್ ನಾನು ಮಾಡ್ತೀನಿ."

"ಹಾಜರಿ ಸಾಹೇಬ್ರೇ?"

"ಹಾಕಿ ಆಯ್ತು. ಓಡು."

ಮಾರಪ್ಪ ಓಡಿದ. ಮಧ್ಯಾಹ್ನ ಬಿಂದು ಹುಟ್ಟಿದಳು. ಇತ್ತ ಕೃಷ್ಣಯ್ಯ ತೋಳು ಮಡಚಿ ಕಲ್ಲು ಕುಟ್ಟಿ, ಜರಡಿಯ ತಂತಿಯ ಮೇಲೆ ಅಂಗೈಯಿಂದ ಪುಡಿಯನ್ನು ಗಸಗಸ ಉಜ್ಜಿದ. ಕೈಯಲ್ಲಿ ಎರಡು ತಿಂಗಳ ಹಿಂದಷ್ಟೇ ಬಂದ ಮದುವೆಯ ಉಂಗುರ. ಒಂದು ವರ್ಷ ಬೆರಳಿನಿಂದ ತೆಗೆಯಬಾರದೆಂದು ಸುಬ್ಬಲಕ್ಷ್ಮಮ್ಮ ಆಣೆ ಹಾಕಿಸಿದ್ದಳು. ಅವನ ತಲೆಯ ಮೇಲೆಯೇ, ಅವನದೇ ಅಕ್ಷರದಲ್ಲಿ, ಒರಳಿನ ಹತ್ತಿರ ಯಾರೂ ಬಂಗಾರ ತೊಟ್ಟು ಬರಬಾರದೆಂಬ ಬೋರ್ಡು ನೇತಾಡುತ್ತಿತ್ತು. ಹೊಸ ಮದುಮಗನಿಗೆ ಬೋರ್ಡು ಕಾಣಲಿಲ್ಲ.

ಆ ಸ್ಯಾಂಪಲ್ ಟನ್ನಿಗೆ ಹನ್ನೊಂದು ಗ್ರಾಂ ಚಿನ್ನ ತೋರಿಸಿತು. ಡ್ರಿಲ್ಲಿಂಗ್ ಯಂತ್ರ ಬಂತು, ಅದಕ್ಕಾಗಿ ರಸ್ತೆ ಬಂತು, ಊರಿನ ಇಪ್ಪತ್ತು ಜನಕ್ಕೆ ಕೆಲಸ ಬಂತು. ಮೂರು ವರ್ಷಗಳಲ್ಲಿ ಐದು ಹೋಲು ಕೊರೆದರು. ತಾಮ್ರ ಸಿಕ್ಕಿತು, ಗಣಿ ಮಾಡುವಷ್ಟಲ್ಲ. ಮೂರನೆಯದರಲ್ಲಿ ನಲವತ್ತೊಂದು ಮೀಟರಿಗೆ ನೀರು ಚಿಮ್ಮಿ ಎಲ್ಲರನ್ನೂ ತೋಯಿಸಿತು. ಚಿನ್ನ ಮಾತ್ರ ಇಲ್ಲ. ಕೊನೆಗೆ ಅಂದು ತೆಗೆದಿಟ್ಟಿದ್ದ ಪಾಲುಗಳನ್ನೂ ಕುಟ್ಟದೆ ಉಳಿದಿದ್ದ ಕಲ್ಲನ್ನೂ ಹುಡುಕಿ ಪರೀಕ್ಷೆ ಮಾಡಿದರು. ಜರಡಿ ಹಿಡಿದ ಪಾಲಿನಲ್ಲಿ ಚಿನ್ನವಿತ್ತು, ಕುಟ್ಟದ ಕಲ್ಲಿನಲ್ಲಿ ಏನೂ ಇರಲಿಲ್ಲ. ಕೈಯಿಂದ ಬಿದ್ದ ಬಂಗಾರ ಎಂಬುದು ಖಾತ್ರಿಯಾಯಿತು.

ಮೇಲಧಿಕಾರಿ ಟೆಂಟಿನಲ್ಲಿ ಕೂತು ಹಾಜರಿ ಪುಸ್ತಕ ತಿರುವಿದ. "ಆ ದಿನ ಪುಡಿ ಮಾಡಿದ್ದು ಯಾರು?"

ಕೃಷ್ಣಯ್ಯ ಲೆಕ್ಕ ಹಾಕುತ್ತಿದ್ದ. ತಾನೇ ಎಂದರೆ, ಮನೆಗೆ ಹೋದವನಿಗೆ ಹಾಜರಿ ಹಾಕಿದ್ದೂ ಹೊರಬೀಳುತ್ತದೆ. ಅವನು ಬಾಯಿ ತೆರೆಯುವಷ್ಟರಲ್ಲಿ ಮಾರಪ್ಪ ಒಂದು ಹೆಜ್ಜೆ ಮುಂದೆ ಬಂದು, "ನಾನೇ ಸರ್. ಮಾವ ಕೊಟ್ಟ ಉಂಗುರ ಕೈಯಲ್ಲಿತ್ತು, ಮರೆತೋಯ್ತು" ಎಂದ. ಕೃಷ್ಣಯ್ಯ ಸುಮ್ಮನಿದ್ದ. ಮುಂದಿನ ಕ್ಯಾಂಪಿಗೆ ಹೋಗಿ ಪರ್ಮನೆಂಟ್ ಆಗಬೇಕಿದ್ದವರ ಪಟ್ಟಿಯಿಂದ ಮಾರಪ್ಪನ ಹೆಸರು ಹೋಯಿತು.

ಆಮೇಲೆ ಪ್ರತಿ ದೀಪಾವಳಿಗೆ ಫೋನು ಬರುತ್ತಿತ್ತು. "ಸಾಹೇಬ್ರೇ, ಮೂರನೇ ಹೋಲಲ್ಲಿ ನೀರು ಬರ್ತಾ ಇದೆ. ನೀವು ಹುಷಾರಾ?" ಪ್ರತಿ ಸಲವೂ ಕೃಷ್ಣಯ್ಯ ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದ. ಹೇಳುವುದರೊಳಗೆ ಮಾರಪ್ಪ ಹಬ್ಬದ ಶುಭಾಶಯ ಕೋರಿ ಇಟ್ಟುಬಿಡುತ್ತಿದ್ದ.

*

ಅಂಗಳದಲ್ಲಿ ಜನರ ನಡುವೆ ನಿಂತು ಮಾರಪ್ಪನ ಮುಖ ನೋಡಿದ ಮೇಲೆ ಕೃಷ್ಣಯ್ಯ ಹಿತ್ತಲ ಕಡೆ ಹೋದ. ದುರ್ಗಮ್ಮ ನೀರಿನ ತಂಬಿಗೆ ಹುಡುಕುವ ನೆಪದಲ್ಲಿ ಅಡುಗೆಮನೆಗೆ ಬಂದು, ಯಾರೂ ಇಲ್ಲದ ಕಡೆ ಗೋಡೆಗೆ ಒರಗಿ ನಿಂತಿದ್ದಳು. ಬಾಗಿಲಲ್ಲಿ ನಿಂತವನನ್ನು ಒಂದು ಗಳಿಗೆ ನೋಡಿದಳು.

"ಸಾಹೇಬ್ರಾ? ಬಂದ್ರಾ? ಅವ್ರು ಹೇಳ್ತಿದ್ರು, ಒಂದಿನ ಬಂದೇ ಬರ್ತಾರೆ ಅಂತ."

"ತಡ ಮಾಡ್ದೆ ದುರ್ಗಮ್ಮ" ಎಂದ ಕೃಷ್ಣಯ್ಯ. "ಒಂದು ವಿಷಯ ಎಲ್ಲರ ಎದುರಿಗೆ ಹೇಳ್ಬೇಕು ಅಂತ ಬಂದೆ. ಆ ಉಂಗುರ..."

"ನಿಮ್ದು. ಗೊತ್ತು. ಅವತ್ತೇ ಹೇಳಿದ್ರು ನಂಗೆ. ನಮ್ಮಪ್ಪ ಮದುವೇಲಿ ಅವ್ರಿಗೆ ಕೊಟ್ಟದ್ದು ಒಂದು ಕೊಡೆ ಸಾಹೇಬ್ರೇ. ಉಂಗುರ ಎಲ್ಲಿಂದ?"

"ಗೊತ್ತಿದ್ದೂ ಸುಮ್ನಿದ್ರಾ? ಪರ್ಮನೆಂಟ್ ಆಗೋ ಕೆಲಸ ಹೋಯ್ತಲ್ಲ, ನನ್ನಿಂದ."

"ಹೋಯ್ತು. ನಾಲ್ಕು ದಿನ ನಾನು ಮಾತೇ ಬಿಟ್ಟಿದ್ದೆ. ನೀವ್ಯಾಕೆ ಮೈಮೇಲೆ ಹಾಕ್ಕೊಂಡ್ರಿ ಅಂತ ಕೇಳ್ದೆ. ಅದಕ್ಕೆ ಅವ್ರು, ಬಿಂದು ಹುಟ್ಟಿದ ಗಳಿಗೇಲೇ ನಾನು ಅವಳ ಮುಖ ನೋಡಿದ್ದು ಸಾಹೇಬ್ರಿಂದ, ಹಾಜರಿ ಹಾಕಿದ ಅವ್ರ ಸಹಿ ಸುಳ್ಳು ಅಂತ ನಾ ಹೇಳೋಕಾಗ್ತದಾ ಅಂದ್ರು." ದುರ್ಗಮ್ಮ ಕಣ್ಣೊರೆಸಿಕೊಂಡಳು. "ಆಮೇಲೆ ಪಂಚಾಯ್ತಿಯೋರು ನೀರು ಬಿಡೋ ಕೆಲಸ ಕೊಟ್ರು. ಬೆಳಿಗ್ಗೆ ವಾಲ್ವ್ ತಿರುಗಿಸೋಕೆ ಸಿಳ್ಳೆ ಹಾಕ್ಕೊಂಡು ಹೋಗೋರು. ಕೆಲಸಕ್ಕೆ ಸಿಳ್ಳೆ ಹಾಕ್ಕೊಂಡು ಹೋದೋರನ್ನ ನಾನು ಬೇರೆ ಕಂಡಿಲ್ಲ. ನಾವು ಚೆನ್ನಾಗೇ ಇದ್ವಿ ಸಾಹೇಬ್ರೇ."

"ಆದ್ರೂ ನಿಜ ಹೇಳ್ಲೇಬೇಕಲ್ಲ."

"ಯಾರಿಗೆ? ನಿಮ್ಗೆ ಹಗುರ ಆಗ್ಲಿ ಅಂತಾ? ನೀವು ಹೇಳಿ ಬಸ್ ಹತ್ತಿ ಹೋಗ್ತೀರಿ. ಅವ್ರು ಇಲ್ಲೇ ಇರ್ತಾರೆ. ಊರಿಗೆ ನೀರು ತಂದ ಮಾರಪ್ಪ ಸುಳ್ಳು ಹೇಳಿದ ಮಾರಪ್ಪ ಆಗಿ ಮಣ್ಣಿಗೆ ಹೋಗ್ಬೇಕಾ?"

ಕೃಷ್ಣಯ್ಯನಿಗೆ ಈಗ ಹೊಳೆಯಿತು. ತನ್ನ ತಪ್ಪು ಈ ಊರಿನಲ್ಲಿ ಬೇರೊಬ್ಬನ ಪುಣ್ಯವಾಗಿ ಬೆಳೆದು ನಿಂತಿತ್ತು. ಅದನ್ನು ಈಗ ತನ್ನದೆಂದು ಕೇಳುವುದು ಎರಡನೆಯ ಸಲ ಕಿತ್ತುಕೊಂಡಂತೆ. ತಲೆ ತಗ್ಗಿಸಿದಾಗ ಒಲೆಯ ಪಕ್ಕದಲ್ಲಿ ಗೇಣುದ್ದದ ಕಲ್ಲೊಂದು ಕಂಡಿತು. ಕಪ್ಪು ಹಸಿರು ಬಣ್ಣದ, ಕಬ್ಬಿನ ತುಂಡಿನಷ್ಟು ನುಣ್ಣಗೆ ದುಂಡಗಿನ ಕಲ್ಲು. ಯಂತ್ರ ಗುಡ್ಡದ ಹೊಟ್ಟೆಯಿಂದ ಕೊರೆದು ತೆಗೆದ ಕಲ್ಲು ಅದು. ಅದರ ಮೇಲೆ ಅವನೇ ಕೆಂಪು ಪೇಂಟಿನಲ್ಲಿ ಬರೆದ ಅಂಕಿ ಇನ್ನೂ ಇತ್ತು: 3, ಕೆಳಗೆ 41.

"ಇದು ಸರ್ಕಾರದ ಸೊತ್ತು" ಎಂದ ಕೃಷ್ಣಯ್ಯ, ಅಳುನಗುವಿನ ನಡುವೆ.

"ಚಟ್ನಿ ಅರೆಯೋ ಕಲ್ಲು" ಎಂದಳು ದುರ್ಗಮ್ಮ. "ಬಿಸಾಕಿದ್ರಲ್ಲಿ ಆರಿಸ್ಕೊಂಡು ಬಂದದ್ದು."

"ದುರ್ಗೀ!" ಅಂಗಳದಿಂದ ವರದಮ್ಮನ ಕೂಗು. "ದೇವರ ಗೂಡಲ್ಲೂ ಇಲ್ಲ! ನಿಜ ಹೇಳು, ಮಾರಿಬಿಟ್ರಾ ಹೇಗೆ? ನಿಂಗೆ ಗೊತ್ತಿಲ್ದೆ ಎಲ್ಲಿಗೆ ಹೋಗ್ತದೆ ಅದು?"

ಕೃಷ್ಣಯ್ಯ ಜೇಬಿನಿಂದ ಎಡಗೈ ತೆಗೆದ. ಉಂಗುರವನ್ನು ತಿರುಗಿಸಿದ, ಎಳೆದ. ಅದು ಬೆರಳಿನ ಗಂಟಿನಲ್ಲಿ ಸಿಕ್ಕಿಕೊಂಡಿತು. ಹೆಂಡತಿ ಒಂದು ವರ್ಷ ಎಂದಿದ್ದಳು, ಇವನು ನಲವತ್ತು ವರ್ಷ ತೆಗೆದಿರಲಿಲ್ಲ.

"ಸೋಪಿದ್ರೆ ಕೊಡಿ" ಎಂದ.

ಬಚ್ಚಲಿನ ಸೋಪು ತಂದು ದುರ್ಗಮ್ಮ ನೀರು ಹನಿಸಿದಳು. ಅವನು ಹಲ್ಲು ಕಚ್ಚಿ ಎಳೆದ. ಉಂಗುರ ನೊರೆಯೊಂದಿಗೆ ಜಾರಿ ಅವಳ ಅಂಗೈಗೆ ಬಿತ್ತು. ಬೆರಳಿನ ಬುಡದಲ್ಲಿ ಬಿಸಿಲು ಕಾಣದ ಬಿಳಿ ಪಟ್ಟೆ ಉಳಿಯಿತು.

*

"ಸಿಕ್ತು ಅತ್ತಿಗೆ" ಎನ್ನುತ್ತ ದುರ್ಗಮ್ಮ ಅಂಗಳಕ್ಕೆ ಬಂದಳು. "ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ರು."

ವರದಮ್ಮ ಕೈಚಾಚಿ ಇಸಿದುಕೊಂಡು ಬಿಸಿಲಿಗೆ ಹಿಡಿದಳು. ಹೂವಿಲ್ಲದ ಬರೀ ಬಳೆಯಂಥ ಉಂಗುರ. ಹಿತ್ತಲಿನಿಂದ ಬಂದು ನಿಂತಿದ್ದ ಕೃಷ್ಣಯ್ಯ ದುರ್ಗಮ್ಮನ ಕಡೆ ನೋಡಿದ.

"ಇದೇ!" ಎಂದಳು ವರದಮ್ಮ. "ನೋಡ್ರೇ, ಹೂವು ಹೇಗೆ ಸವೆದು ಹೋಗಿದೆ! ಅಷ್ಟೂ ಬಂಗಾರ ಆ ಸ್ಯಾಂಪಲ್‌ಗೆ ಹೋಗಿತ್ತು!"

ಹೌದೌದು ಎಂದು ಹೆಂಗಸರು ತಲೆಯಾಡಿಸಿದರು. ಅಂಗಳಕ್ಕೆಲ್ಲ ಉಸಿರು ಬಂತು. ತೇಯುವುದಕ್ಕೆ ಕಲ್ಲು ಬೇಕೆಂದಾಗ ಬಿಂದು ಒಳಗೆ ಹೋಗಿ, ಕೈಗೆ ಸಿಕ್ಕಿದ ಚಟ್ನಿ ಕಲ್ಲನ್ನೇ ತೊಳೆದು ತಂದಳು. ಸುಬ್ಬಪ್ಪ ತೊಟ್ಟಿಯಿಂದ ತಂದ ಬಿಂದಿಗೆಯ ನೀರನ್ನು ಕಲ್ಲಿನ ಮೇಲೆ ಹನಿಸಿದ. ವರದಮ್ಮ ಉಂಗುರವನ್ನು ಒತ್ತಿ ಉಜ್ಜಿದಳು. ಗಸಗಸ ಸದ್ದು ಕೇಳಿ ಕೃಷ್ಣಯ್ಯನಿಗೆ ಜರಡಿಯ ನೆನಪಾಯಿತು. ಕಪ್ಪು ಕಲ್ಲಿನ ಮೇಲೆ ಹಳದಿ ಗೆರೆ ಮೂಡಿತು.

ಆ ನೀರನ್ನು ಬಟ್ಟಲಿಗೆ ಇಳಿಸಿ ಮೊದಲು ಬಿಂದು, ಆಮೇಲೆ ಮಗ ಮಂಜುನಾಥ ಅಪ್ಪನ ತುಟಿಗೆ ಬಿಟ್ಟರು. ಸಾಗರ–ನಗರ ಬಸ್ಸಿನ ಡ್ರೈವರಾಗಿದ್ದ ಮಂಜುನಾಥನಿಗೆ ಕನ್ನಡಿಯಲ್ಲಿ ಹಿಂದಿನ ಸೀಟಿನವರನ್ನೂ ಗಮನಿಸುವ ಅಭ್ಯಾಸ. ನಿನ್ನೆ ರಾತ್ರಿ ಗೋಡೆಯ ಮೇಲೆ ಅಪ್ಪ ಬರೆದಿಟ್ಟಿದ್ದ ನಂಬರಿಗೆ ಫೋನು ಮಾಡಿ ಕೃಷ್ಣಯ್ಯನಿಗೆ ತಿಳಿಸಿದವನು ಅವನೇ. ಬಟ್ಟಲನ್ನು ಮುಂದಿನವರಿಗೆ ಕೊಡಲು ತಿರುಗಿದಾಗ ಅವನ ಕಣ್ಣು ಕೃಷ್ಣಯ್ಯನ ಎಡಗೈಯ ಮೇಲೆ ನಿಂತಿತು. ಬೆರಳಿನ ಬಿಳಿ ಪಟ್ಟೆ, ಉಗುರಿನ ಸಂದಿಯಲ್ಲಿ ಇನ್ನೂ ಆರದ ಸೋಪಿನ ನೊರೆ. ಅವನು ಅಮ್ಮನನ್ನು ನೋಡಿದ. ಅಮ್ಮ ಬೇರೆಲ್ಲೋ ನೋಡಿದಳು.

"ಸರ್, ನೀವೂ ಬಿಡಿ" ಎಂದು ಬಟ್ಟಲು ಚಾಚಿದ.

ಕೃಷ್ಣಯ್ಯ ಬಗ್ಗಿ ಮಾರಪ್ಪನ ತುಟಿಗೆ ಮೂರು ಹನಿ ಬಿಟ್ಟ. ನಲವತ್ತು ವರ್ಷ ಬಾಯಿಗೆ ಬಾರದ ಮಾತನ್ನು ಅವನ ಕಿವಿಯ ಹತ್ತಿರ, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದ. ಮತ್ತೆ ಎದ್ದು ನಿಲ್ಲಲು ಮಂಜುನಾಥ ತೋಳು ಹಿಡಿಯಬೇಕಾಯಿತು.

*

ಮನೆಯ ಹಿಂದೆ, ಬಿಳಿ ಪಟ್ಟೆಯ ಗುಡ್ಡದ ಬುಡದಲ್ಲಿ ಮಣ್ಣು ಮಾಡಿದರು. ಎಲ್ಲರೂ ಒಂದೊಂದು ಹಿಡಿ ಹಾಕಿದರು. ಗುಂಡಿ ಮುಚ್ಚಿದ ಮೇಲೆ ತಲೆದೆಸೆಗೆ ಕಲ್ಲು ಹುಡುಕುತ್ತಿದ್ದಾಗ ಮಂಜುನಾಥ ಮನೆಗೆ ಹೋಗಿ ಚಟ್ನಿ ಕಲ್ಲನ್ನು ಎತ್ತಿಕೊಂಡು ಬಂದ.

"ಅಯ್ಯೋ, ನಾಳೆಯಿಂದ ಚಟ್ನಿ ಎಂತದ್ರಲ್ಲಿ ಅರೀತೀಯೆ?" ಎಂದಳು ವರದಮ್ಮ.

"ಮಿಕ್ಸಿ ಇದೆಯಲ್ಲ ಅತ್ತಿಗೆ" ಎಂದಳು ದುರ್ಗಮ್ಮ. ಅಳುತ್ತಿದ್ದವರೂ ನಕ್ಕರು. ಮಾರಪ್ಪ ಇದ್ದಿದ್ದರೆ ಅವನೂ ನಗುತ್ತಿದ್ದ.

ಜನ ಇಳಿದು ಹೋಗುತ್ತಿದ್ದಂತೆ ಮಂಜುನಾಥ ಕೃಷ್ಣಯ್ಯನ ಪಕ್ಕಕ್ಕೆ ಬಂದ. "ಉಂಗುರ ಅಮ್ಮನ ಹತ್ರ ಇದೆ. ಬಸ್ಸಿಗೆ ಮುಂಚೆ ಇಸ್ಕೊಳ್ಳಿ ಸರ್."

ಕೃಷ್ಣಯ್ಯ ಅವನ ಮುಖ ನೋಡಿದ. ಬಚ್ಚಿಡುವಂಥದ್ದು ಇನ್ನೇನೂ ಉಳಿದಿರಲಿಲ್ಲ. "ಬೇಡ ಕಣಪ್ಪ. ಟ್ರಂಕಿನಲ್ಲೇ ಇರ್ಲಿ. ಇಲ್ದಿದ್ರೆ ಹನ್ನೊಂದನೇ ದಿನ ನಿಮ್ಮತ್ತೆ ಮತ್ತೆ ಕವುಚಿ ಹಾಕ್ತಾರೆ."

"ಮನೇಲಿ ಅಮ್ಮಾವ್ರು ಕೇಳಿದ್ರೆ?"

"ಮಾರಪ್ಪನಿಗೆ ಕೊಟ್ಟು ಬಂದೆ ಅಂತೀನಿ. ಅವಳಿಗೆ ಅರ್ಥ ಆಗ್ತದೆ."

ಮಂಜುನಾಥ ಅವನ ಕೈ ಹಿಡಿದು ಇಳಿಜಾರು ಇಳಿಸತೊಡಗಿದ. ನಾಲ್ಕು ಹೆಜ್ಜೆ ಇಳಿದು ಕೃಷ್ಣಯ್ಯ ತಿರುಗಿ ನೋಡಿದ. ಕೆಳಗೆ ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಚಿನ್ನ ಇಲ್ಲವೆಂದು ಅವನೇ ಸಹಿ ಮಾಡಿ ವರದಿ ಕಳಿಸಿದ್ದ ಕಲ್ಲು ಹಸಿ ಮಣ್ಣಿನಲ್ಲಿ ನೆಟ್ಟಗೆ ನಿಂತಿತ್ತು. ಕೆಂಪು ಅಂಕಿಯ ಪಕ್ಕದಲ್ಲಿ ಎರಡಂಗುಲದ ಹಳದಿ ಗೆರೆ ಮಧ್ಯಾಹ್ನದ ಬಿಸಿಲಿಗೆ ಹೊಳೆಯುತ್ತಿತ್ತು.